ಭಾನುವಾರ ಅಗಾಥಾ ಕ್ರಿಸ್ಟಿ ಬಗ್ಗೆ ಮಾತು

ಎಲ್ಲರಿಗೂ ಶರಣು.

ಈ ಭಾನುವಾರ ಬೆಳಿಗ್ಗೆ 7ಕ್ಕೆ ಕಲಬುರಗಿಯ ಪಬ್ಲಿಕ್ ಗಾರ್ಡನ್‌ನಲ್ಲಿ ಸೇರೋಣ. 9 ದಾಟಿದರೆ ಬಿಸಿಲಿಗೆ ಕೂಡಲು ಆಗುವುದಿಲ್ಲ, ತಡ ಮಾಡಬೇಡಿ.

ಈ ಸಲ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ. ನನಗೆ ಜಾಸ್ತಿ ಇಷ್ಟವಾಗುವುದು ಅವರ ಬಾಲ್ಯ. 8 ವರ್ಷ ಆಗುವವರೆಗೆ ಮಕ್ಕಳು ಓದಬಾರದು ಅಂತ ಅವರ ತಾಯಿ ನಂಬಿದ್ದರು. ಹುಡುಗಿ ಕೇಳಬೇಕಲ್ಲ! ದೊಡ್ಡವರು ಓದಿ ಹೇಳಿದ ಪುಸ್ತಕವನ್ನೇ ಮತ್ತೆ ಮತ್ತೆ ನೋಡುತ್ತಾ, 5 ತುಂಬುವ ಮೊದಲೇ ತಾನೇ ಓದಲು ಕಲಿತಳು. ಅಕ್ಷರ ಕೂಡಿಸಿ ಅಲ್ಲ, ಇಡೀ ಪದದ ರೂಪ ಗುರುತು ಹಿಡಿದು. ಅದಕ್ಕೇ ಸ್ಪೆಲ್ಲಿಂಗ್ ಮಾತ್ರ ಅವರಿಗೆ ಕೊನೆಯವರೆಗೂ ಕಷ್ಟವೇ ಆಯಿತು.

ಪತ್ತೇದಾರಿ ಕಥೆ ಬರೆಯುವುದು ನಿನ್ನಿಂದ ಆಗುವುದಿಲ್ಲ ಅಂತ ಅಕ್ಕ ಸವಾಲು ಹಾಕಿದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಸಿಕ್ಕಿತು. ಸುತ್ತಲೂ ವಿಷದ ಬಾಟಲಿಗಳು. ಮೊದಲ ಕಾದಂಬರಿಯ ಕೊಲೆ ಹುಟ್ಟಿದ್ದು ಅಲ್ಲೇ. ಹಲವು ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸಿದರು, ಕೊನೆಗೆ 1920ರಲ್ಲಿ ಅಚ್ಚಾಯಿತು. ಒಟ್ಟು 66 ಪತ್ತೇದಾರಿ ಕಾದಂಬರಿ ಬರೆದರು.

ನಾನು ಓದು ಕಲಿತದ್ದು ನಮ್ಮ ಓಣಿಯ ಬಾಡಿಗೆ ಪುಸ್ತಕದ ಅಂಗಡಿಯಿಂದ. ಮರುದಿನ ವಾಪಸ್ ಕೊಡಬೇಕಲ್ವಾ, ರಾತ್ರಿಯೇ ಓದಿ ಮುಗಿಸುತ್ತಿದ್ದೆ. ನಿಮ್ಮನ್ನು ಹೀಗೆ ಹಿಡಿದು ಕೂರಿಸಿದ ಮೊದಲ ಪುಸ್ತಕ ಯಾವುದು? ಮನೆಯಲ್ಲಿದ್ದರೆ ತನ್ನಿ. ಮಕ್ಕಳನ್ನೂ ಕರೆತನ್ನಿ.

ಒಂದೇ ವಿನಂತಿ: ಕೊಲೆಗಾರ ಯಾರು ಅಂತ ಗುಂಪಿನಲ್ಲಿ ಹಾಕಬೇಡಿ, ಕೆಲವರು ಇನ್ನೂ ಓದುತ್ತಿದ್ದಾರೆ. ಸುಸಲಾ, ಮಿರ್ಚಿ ನಾನು ತರುತ್ತೇನೆ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೇಳಿ.