ಕಗ್ಗಲ್ಲಿನ ಹಾಡು

ಆತ್ಮೀಯ ಓದುಗರೇ,

ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಶಾಲೆಯ ಮಕ್ಕಳು ‘ಆಗದು ಎಂದು’ ಹಾಡುತ್ತಿದ್ದಾರೆ. ಹೋದ ಭಾನುವಾರ ಅವರ ಪ್ರಾಕ್ಟೀಸ್ ನೋಡಲು ಹೋಗಿದ್ದೆ. ಶಿಲ್ಪಿಯ ಸಾಲು ಬಂದಾಗ ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಹಾಡು ನಿಲ್ಲಿಸಿ, “ಆಂಟಿ, ಕಗ್ಗಲ್ಲು ಅಂದ್ರೆ ಏನು?” ಎಂದು ಕೇಳಿದಳು. “ತುಂಬಾ ಗಟ್ಟಿ ಕಲ್ಲು, ಪುಟ್ಟಿ” ಅಂದೆ. ಅವಳು ತಲೆಯಾಡಿಸಿ ಮತ್ತೆ ಹಾಡತೊಡಗಿದಳು. ನನಗೆ ಮಾತ್ರ ಮನೆ ತಲುಪುವವರೆಗೂ ಸಮಾಧಾನ ಇರಲಿಲ್ಲ. ಹಾಸನದಲ್ಲಿ ಹುಟ್ಟಿದವಳು ನಾನು. ಆ ಪದಕ್ಕೆ ಅಷ್ಟು ಚಿಕ್ಕ ಉತ್ತರ ಕೊಟ್ಟು ಬಂದೆನಲ್ಲ ಅಂತ. ಹಾಗಾಗಿ ಈ ತಿಂಗಳ ಪುಟ ಆ ಪುಟ್ಟಿಗೆ.

ಈ ಹಾಡು ಇರುವ ‘ಬಂಗಾರದ ಮನುಷ್ಯ’ ತೆರೆಗೆ ಬಂದದ್ದು 1972ರಲ್ಲಿ. ಟಿ.ಕೆ. ರಾಮರಾಯರ ಕಾದಂಬರಿಯಿಂದ ಮಾಡಿದ ಸಿನಿಮಾ. ನಿರ್ದೇಶಕ ಸಿದ್ದಲಿಂಗಯ್ಯ ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯವರು. ಎರಡು ವರ್ಷದ ನಂತರ ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ‘ಭೂತಯ್ಯನ ಮಗ ಅಯ್ಯು’ ಮಾಡಿದವರೂ ಅವರೇ. ಹಳ್ಳಿಯ ಜಗಲಿ, ಹೊಲ, ದಾಯಾದಿ ಮನಸ್ತಾಪ, ಇವೆಲ್ಲ ಅವರ ಸಿನಿಮಾದಲ್ಲಿ ನಿಜ ಅನಿಸುತ್ತವೆ. ಒಳಗಿನವರು ನೋಡಿದ ಹಾಗೆ ನೋಡಿದ್ದಾರೆ.

ಹಾಡು ಬರೆದವರು ಆರ್.ಎನ್. ಜಯಗೋಪಾಲ್. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ದಲ್ಲಿ ರಾವಣನಾಗಿದ್ದ ಆರ್. ನಾಗೇಂದ್ರರಾಯರ ಮಗ. ರಾಗ ಹಾಕಿದವರು ಜಿ.ಕೆ. ವೆಂಕಟೇಶ್. ಹಾಡಿದವರು ಪಿ.ಬಿ. ಶ್ರೀನಿವಾಸ್. ಕಾಕಿನಾಡದಲ್ಲಿ ಹುಟ್ಟಿದ, ತೆಲುಗು ಮನೆಮಾತಿನ ಮನುಷ್ಯ. ಆದರೂ ‘ಕಗ್ಗಲ್ಲು’ ಅನ್ನುವಾಗ ಆ ಒತ್ತಕ್ಷರದ ಮೇಲೆ ಅವರ ದನಿ ಹೇಗೆ ಊರಿ ನಿಲ್ಲುತ್ತದೆ ಕೇಳಿ ನೋಡಿ. ಇದಾದ ಎರಡು ವರ್ಷಕ್ಕೆ, ‘ಸಂಪತ್ತಿಗೆ ಸವಾಲ್’ ಬಂದ ಮೇಲೆ, ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಶ್ರೀನಿವಾಸ್ ಅವರ ದನಿಯೇ ರಾಜಣ್ಣನ ದನಿ ಆಗಿದ್ದ ಕಾಲದ ಕೊನೆಯ ದೊಡ್ಡ ಹಾಡುಗಳಲ್ಲಿ ಇದೂ ಒಂದು.

ಸಿನಿಮಾ ಹಾಡು ಹುಟ್ಟುವುದು ಸನ್ನಿವೇಶಕ್ಕೆ. ಇಲ್ಲಿಯ ಸನ್ನಿವೇಶ ಇಷ್ಟೇ: ಕಲ್ಲು ತುಂಬಿದ ಬರಡು ನೆಲದಲ್ಲಿ ಬೆಳೆ ತೆಗೆಯುತ್ತೇನೆ ಎಂದು ಸಿನಿಮಾದ ನಾಯಕ ರಾಜೀವ ಹೊರಟಿದ್ದಾನೆ. ಜಯಗೋಪಾಲ್ ಬರೀ ‘ದುಡಿ, ಗೆಲ್ಲು’ ಎಂದು ಬರೆದಿದ್ದರೆ ಐವತ್ತು ವರ್ಷ ಈ ಹಾಡು ಬಾಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಅವರು ಎರಡು ಸಾಕ್ಷಿ ತಂದರು. ಒಂದು, ಕಲ್ಲಿಗೆ ಹೆದರದ ಶಿಲ್ಪಿ. ಇನ್ನೊಂದು, ಕನ್ನಂಬಾಡಿ ಕಟ್ಟಿದ ವಿಶ್ವೇಶ್ವರಯ್ಯ. ಕಲ್ಲು, ನೀರು. ರೈತನಿಗೆ ಬೇಕಾದದ್ದು ಅವೆರಡರ ಉತ್ತರವೇ ಅಲ್ವಾ?

ಕಲ್ಲಿನ ವಿಷಯಕ್ಕೆ ಬರೋಣ, ಪುಟ್ಟಿ. ಹಾಡಿನಲ್ಲಿ ಗೊಮ್ಮಟೇಶನೂ ಬೇಲೂರು, ಹಳೇಬೀಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಮೂರೂ ಹಾಸನ ಜಿಲ್ಲೆಯವೇ. ಆದರೆ ಕಲ್ಲು ಒಂದೇ ಅಲ್ಲ. ಬೇಲೂರು, ಹಳೇಬೀಡಿನದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಮದನಿಕೆಯ ಬಳೆಯೊಳಗೂ ಉಳಿ ಆಡಿದೆ. ಬೇಲೂರಿನಲ್ಲಿ ಕೆಲಸ ಮಾಡಿದವರು ಹೆಸರನ್ನೂ ಕೆತ್ತಿಟ್ಟು ಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯಲ್ಲಿ ಅಪ್ಪ ಮಗ ಇಬ್ಬರ ಹೆಸರನ್ನೂ ಇವತ್ತಿಗೂ ಓದಬಹುದು.

ನಿಜವಾದ ಕಗ್ಗಲ್ಲು ಶ್ರವಣಬೆಳಗೊಳದ್ದು. ಒಂದು ಸಾವಿರ ವರ್ಷದ ಹಿಂದೆ ಚಾವುಂಡರಾಯ ಮಾಡಿಸಿದ ಮೂರ್ತಿ, ಸುಮಾರು 58 ಅಡಿ, ಒಂದೇ ಬಂಡೆ. ಹತ್ತುವ ಮೆಟ್ಟಿಲುಗಳನ್ನೂ ಆ ಬೆಟ್ಟದ ಬಂಡೆಯಲ್ಲೇ ಕಡಿದಿದ್ದಾರೆ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಹತ್ತಿ ನೋಡು. ಅಂಗಾಲು ಸುಡುತ್ತದೆ. ಕಾಲುಚೀಲ ಹಾಕಿಕೊಂಡರೂ ಬಿಸಿ ತಾಗುತ್ತದೆ. ಕಗ್ಗಲ್ಲು ಅಂದ್ರೆ ಏನು ಅಂತ ಆಗ ಕಾಲಿಗೇ ಗೊತ್ತಾಗುತ್ತದೆ.

ಇನ್ನು ನೀರು. ಕನ್ನಂಬಾಡಿ ಮಂಡ್ಯ, ಮೈಸೂರಿನವರದು ಎಂದು ನಾವು ಸುಮ್ನೆ ಬಿಟ್ಟುಕೊಡುತ್ತೇವೆ. ಮೂಡಿಗೆರೆ ಕಡೆ ಹುಟ್ಟಿ, ಸಕಲೇಶಪುರ ದಾಟಿ, ಹಾಸನ ಜಿಲ್ಲೆಯಲ್ಲಿ ಹರಿದು ಹೋಗುವ ಹೇಮಾವತಿ ಕಾವೇರಿಯನ್ನು ಸೇರುವುದು ಅಲ್ಲೇ. ಹಾಡು ಬಂದಾಗ ಗೊರೂರಿನ ನಮ್ಮದೇ ಅಣೆಕಟ್ಟು ಇನ್ನೂ ಮುಗಿದಿರಲಿಲ್ಲ. ಅದು ಮುಗಿದಾಗ ಕಾಲುವೆ ಬಂತು, ಊರುಗಳೂ ಮುಳುಗಿದವು. ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಶೆಟ್ಟಿಹಳ್ಳಿಯ ಹಳೇ ಚರ್ಚಿನ ಫೋಟೋವನ್ನು ನೀವೆಲ್ಲ ನೋಡಿರುತ್ತೀರಿ. ಆ ನೀರಿನಡಿ ಮನೆ ಬಿಟ್ಟು ಎದ್ದುಬಂದವರ ನೋವು ಈ ಹಾಡಿನಲ್ಲಿ ಇಲ್ಲ. ಹಾಡನ್ನು ಎಷ್ಟು ಪ್ರೀತಿಸಿದರೂ ಅದನ್ನು ನಾನು ಮರೆಯಲಾರೆ.

ಹೋದ ವರ್ಷ ಊರಿಗೆ ಹೋದಾಗ ಚಿಕ್ಕಪ್ಪ ಹೊಲಕ್ಕೆ ಕರೆದುಕೊಂಡು ಹೋಗಿದ್ದರು. ಅರ್ಧ ಹೊಲದಲ್ಲಿ ಆಲೂಗಡ್ಡೆ ಹಾಕಿದ್ದರು. ಇನ್ನರ್ಧ ಬರೀ ಗುಂಡುಕಲ್ಲು. ಏರಿಯ ಪಕ್ಕ ಆನೆ ಮಲಗಿದ ಹಾಗೆ ಒಂದು ಬಂಡೆ. ಅದರ ಬೆನ್ನ ಮೇಲೆ ಸಾಲಾಗಿ ಚೌಕ ಚೌಕ ತೂತು. ಬೆರಳಿಟ್ಟರೆ ಎರಡು ಗೆಣ್ಣು ಒಳಗೆ ಹೋಗುತ್ತದೆ. ಒಳಗೆಲ್ಲ ಮಣ್ಣು ಕೂತು ಗರಿಕೆ ಹುಟ್ಟಿತ್ತು.

“ಟೆಂಟಲ್ಲಿ ಬಂಗಾರದ ಮನುಷ್ಯ ನೋಡ್ಕಂಡ್ ಬಂದ ವಾರಕ್ಕೇ ನಮ್ಮಪ್ಪ ಕಲ್ಲು ಒಡೆಯೋರ್ನ ಕರೆಸ್ತು ಕಣವ್ವ” ಅಂದರು ಚಿಕ್ಕಪ್ಪ. “ನಾನಾಗ ಏಳನೇ ಕ್ಲಾಸು. ಗಾಡೀಲಿ ಜಲ್ಲಿ ತುಂಬೋದೇ ನನ್ ಕೆಲ್ಸ. ಅಪ್ಪನೂ ಸುತ್ತಿಗೆ ಹಿಡೀತಿತ್ತು. ಹಾಡು ಬರ್ತಿರ್ಲಿಲ್ಲ, ಆದ್ರೂ ಹಾಡ್ಕತಿತ್ತು.”

ಎರಡು ಬೇಸಿಗೆ ಒಡೆದರಂತೆ. ಅರ್ಧ ಹೊಲ ಹಸನಾಯಿತು. ಆ ಹೊಲದ ರಾಗಿ, ಆಲೂಗಡ್ಡೆಯಲ್ಲೇ ನನ್ನಪ್ಪ ಹಾಸನದಲ್ಲಿ ಕಾಲೇಜು ಓದಿದ್ದು. ಅಪ್ಪ ಓದಿದ್ದರಿಂದ ನಾನು ಓದಿದೆ, ಇಷ್ಟು ದೂರ ಬಂದೆ. ಸಿನಿಮಾದ ಕೊನೆಯಲ್ಲಿ ರಾಜೀವ ತಾನೇ ಹಸನು ಮಾಡಿದ ನೆಲ ಬಿಟ್ಟು ನಡೆದು ಹೋಗುತ್ತಾನಲ್ಲ, ಆ ದೃಶ್ಯವನ್ನು ಇಲ್ಲಿಗೆ ಬಂದ ಮೇಲೆ ನನಗೆ ಪೂರ್ತಿ ನೋಡಲು ಆಗಿಲ್ಲ.

ಆ ದೊಡ್ಡ ಬಂಡೆಯನ್ನು ಮೂರನೇ ಬೇಸಿಗೆಗೆ ಅಂತ ಇಟ್ಟುಕೊಂಡಿದ್ದರಂತೆ. ಅಷ್ಟರಲ್ಲಿ ಅಜ್ಜ ಹೋದರು. ಈಗ ಅದರ ಮೇಲೆ ಚಿಕ್ಕಮ್ಮ ಹುರುಳಿ ಒಣಗಿಸುತ್ತಾರೆ.

ಪುಟ್ಟಿ, ಮುಂದಿನ ರಜಕ್ಕೆ ನೀವು ಊರಿಗೆ ಹೋದರೆ ಅಮ್ಮನಿಗೆ ಹೇಳು. ಚಿಕ್ಕಪ್ಪನ ಫೋನ್ ನಂಬರ್ ಕೊಡುತ್ತೇನೆ.

ನಿಮ್ಮ ಸಂಪಾದಕಿ