‘ನಂಗೆ ಲೆಕ್ಕ ಬರಲ್ಲ’ ಅನ್ನೋ ರೂಢಿ ಬಿಡಿಸೋಣ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ‘ಹೆದರಬೇಡಿ, ಧೈರ್ಯವಾಗಿರಿ’ ಎಂಬ ಮಾತು ಜಾಸ್ತಿಯಾಗುತ್ತದೆ. ಒಳ್ಳೆಯ ಮಾತೇ. ಆದರೆ ಹಾಗಂದ ಮಾತ್ರಕ್ಕೆ ಮಗುವಿನ ಭಯ ಹೋಗುತ್ತದಾ? ಹತ್ತನೇ ತರಗತಿಗೆ ಗಣಿತ ಹೇಳಿಕೊಡುವ ನನಗೆ ಹಾಗೆ ಅನ್ನಿಸಿಲ್ಲ.

ಪ್ರಶ್ನೆ ಸ್ವಲ್ಪ ಉದ್ದ ಇದ್ದರೆ ಸಾಕು, ಕೆಲವು ಮಕ್ಕಳು ಪೂರ್ತಿ ಓದುವ ಮೊದಲೇ ‘ಇದು ನಂಗೆ ಬರಲ್ಲ’ ಎಂದು ಪೆನ್ನು ಕೆಳಗಿಡುತ್ತಾರೆ. ಲೆಕ್ಕ ಕಷ್ಟವೋ ಸುಲಭವೋ ಅಂತ ನೋಡಿಯೇ ಇರುವುದಿಲ್ಲ. ‘ಇವನ ತಲೆಗೆ ಲೆಕ್ಕ ಹತ್ತಲ್ಲ ಬಿಡಿ ಮೇಡಂ’ ಎಂದು ಅಪ್ಪ ಅಮ್ಮ ಮಗುವಿನ ಎದುರೇ ಹೇಳಿ ಹೇಳಿ, ಈಗ ಯಾರೂ ಹೇಳದಿದ್ದರೂ ಮಗುವೇ ತನಗೆ ತಾನು ಹೇಳಿಕೊಳ್ಳುತ್ತದೆ. ದಯವಿಟ್ಟು ಹಾಗೆ ಹೇಳಬೇಡಿ.

ಆ ಮಾತು ಮನಸ್ಸಿಗೆ ಬಾರದಂತೆ ತಡೆಯುವುದು ಕಷ್ಟ. ಬಂದ ಕೂಡಲೇ ಏನು ಮಾಡಬೇಕು ಅಂತ ಮೊದಲೇ ತೀರ್ಮಾನಿಸಿ ಇಟ್ಟುಕೊಳ್ಳಬಹುದು. ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ಈ ಕ್ರಮದ ಮೇಲೆ ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದಲೇ ಸಂಶೋಧನೆ ಮಾಡಿದ್ದಾರೆ. ನನ್ನ ತರಗತಿಯಲ್ಲಿ ಅದು ಇಷ್ಟೇ: ‘ಬರಲ್ಲ’ ಅನ್ನಿಸಿತಾ, ಕೊಟ್ಟಿರುವುದನ್ನು ಬರಿ. ಆಯತದ ಉದ್ದ ಅಗಲಕ್ಕಿಂತ 4 ಮೀಟರ್ ಹೆಚ್ಚು, ವಿಸ್ತೀರ್ಣ 60 ಚದರ ಮೀಟರ್ ಅಂತಿದ್ದರೆ, ಅಗಲ ಎಕ್ಸ್, ಉದ್ದ ಎಕ್ಸ್ ಪ್ಲಸ್ 4, ಎರಡನ್ನೂ ಗುಣಿಸಿದರೆ 60. ಇಷ್ಟು ಬರೆಯುವಷ್ಟರಲ್ಲಿ ವರ್ಗ ಸಮೀಕರಣ ಕಣ್ಣೆದುರೇ ಇರುತ್ತದೆ, ಅಗಲ 6, ಉದ್ದ 10 ಅಂತ ಬಿಡಿಸಲು ಆಮೇಲೆ ಹೆಚ್ಚು ಹೊತ್ತು ಬೇಕಿಲ್ಲ. ಪೂರ್ತಿ ಬಿಡಿಸದಿದ್ದರೂ ಹಂತಕ್ಕೆ ಅಂಕ ಇದೆ ಅಲ್ವಾ?

21 ದಿನದಲ್ಲಿ ಅಭ್ಯಾಸ ಬದಲಾಗುತ್ತದೆ ಎಂದು ಎಲ್ಲರೂ ಸುಮ್ನೆ ಹೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರಿಗೆ ಊಟ, ನೀರು, ವ್ಯಾಯಾಮದ ಹೊಸ ಅಭ್ಯಾಸ ಮಾಡಿಸಿ ನೋಡಿದಾಗ, ಅದು ರೂಢಿಯಾಗಲು ಸಾಧಾರಣವಾಗಿ 66 ದಿನ ಹಿಡಿಯಿತು, ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸವೂ ಇತ್ತು. ನಡುವೆ ಒಂದು ದಿನ ತಪ್ಪಿದರೆ ಕೆಲಸ ಕೆಡುವುದಿಲ್ಲ ಎಂದೂ ಗೊತ್ತಾಯಿತು. ಇದನ್ನಂತೂ ಮಕ್ಕಳಿಗೆ ಹೇಳಲೇಬೇಕು. ಚಿಕ್ಕಂದಿನಿಂದ ಕೂತಿರುವ ಭಯಕ್ಕೆ ಇನ್ನೂ ಜಾಸ್ತಿ ದಿನ ಬೇಕಾಗಬಹುದು.

ಹಾಗಾಗಿ ಪರೀಕ್ಷೆಗೆ ತಿಂಗಳಿರುವಾಗ ಒಂದು ದಿನ ಭಾಷಣ ಮಾಡಿಸುವ ಬದಲು ಶಾಲೆಗಳು ಜೂನ್‌ನಲ್ಲೇ ಇದನ್ನು ಶುರು ಮಾಡಲಿ. ನಿಮ್ಮ ಪತ್ರಿಕೆಯೂ ವಿದ್ಯಾರ್ಥಿಗಳ ಪುಟದಲ್ಲಿ ವಾರಕ್ಕೊಂದು ಲೆಕ್ಕ ಕೊಟ್ಟು, ಮೊದಲ ಸಾಲು ಹೇಗೆ ಬರೆಯಬೇಕು ಅನ್ನುವುದನ್ನೇ ದೊಡ್ಡದಾಗಿ ತೋರಿಸಬೇಕೆಂದು ವಿನಂತಿ.

– ಗಣಿತ ಶಿಕ್ಷಕಿ, ಹಾಸನ