ಡೆಸಿಬೆಲ್ ಜೊತೆಗೆ ಪದಗಳನ್ನೂ ಎಣಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ

ಮಾನ್ಯರೇ,

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶ್ರವಣದೋಷವನ್ನು ಡೆಸಿಬೆಲ್‌ನಲ್ಲೇ ತೂಗುತ್ತದೆ. ಎರಡೂ ಕಿವಿಗಳಲ್ಲಿ 60ರಿಂದ 70 ಇದ್ದರೆ ಮಂದಶ್ರವಣ, 70 ಮುಟ್ಟಿದರೆ ಕಿವುಡು. ಕೇಂದ್ರದ ಕಾಯ್ದೆ ತಿದ್ದುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಜಿಲ್ಲಾ ಆಸ್ಪತ್ರೆಯಲ್ಲಿ ಯಾವ ಯಾವ ಪರೀಕ್ಷೆ ಆಗಬೇಕೆಂಬುದಕ್ಕೆ ನಿಮ್ಮ ಇಲಾಖೆಯ ಸುತ್ತೋಲೆ ಸಾಕು. ನಾವು ಕೇಳುವುದು ಎರಡು: ಕೆಲವು ಮಕ್ಕಳಿಗೆ ನರದ ಸಂಕೇತ ನೋಡುವ ಎಬಿಆರ್ ಪರೀಕ್ಷೆ, ದೊಡ್ಡವರಿಗೆ ಪದ ಗುರುತಿಸುವ ಪರೀಕ್ಷೆ.

ಹುಟ್ಟಿನಿಂದ ಬರುವ ಶ್ರವಣದೋಷಕ್ಕೆ ಒಂದು ಸಾಮಾನ್ಯ ಕಾರಣ ಜಿಜೆಬಿ2 ಎಂಬ ಜೀನಿನ ದೋಷ. ಇಂಥ ಮಗುವಿಗೆ ಹೆರಿಗೆ ವಾರ್ಡಿನ ಓಎಇ ಯಂತ್ರ (ಒಳಗಿವಿಯಿಂದ ಮರಳಿ ಬರುವ ಸಣ್ಣ ಸದ್ದನ್ನು ಅಳೆಯುವುದು) ಬಹುತೇಕ 'ರೆಫರ್', ಅಂದರೆ ಮುಂದಿನ ಪರೀಕ್ಷೆಗೆ ಕಳಿಸಿ, ಎಂದೇ ತೋರಿಸುತ್ತದೆ. ಓಟಿಓಎಫ್ ಜೀನಿನ ದೋಷ ಹಾಗಲ್ಲ. ಓಎಇ ಅಳೆಯುವುದು ಒಳಗಿವಿಯಲ್ಲಿ ಶಬ್ದ ಗ್ರಹಿಸುವ ಕೂದಲಕೋಶಗಳ ಪೈಕಿ ಹೊರ ಸಾಲಿನವನ್ನು. ಅವು ಇಲ್ಲಿ ಸರಿಯಾಗಿಯೇ ಇರುತ್ತವೆ. ಕೆಟ್ಟಿರುವುದು ಒಳ ಕೂದಲಕೋಶದಿಂದ ನರಕ್ಕೆ ಸಂದೇಶ ದಾಟಿಸುವ ಓಟೊಫರ್ಲಿನ್ ಪ್ರೋಟೀನು. ಯಂತ್ರ 'ಪಾಸ್' ಎನ್ನುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ. ಈ ಜೀನಿನ ಕೆಲವು ಮಾರ್ಪಾಡುಗಳಲ್ಲಂತೂ ಜ್ವರ ಏರಿದಾಗ ಕಿವಿ ಮುಚ್ಚಿಕೊಂಡು, ಇಳಿದಾಗ ಮತ್ತೆ ಕೇಳಿಸುತ್ತದೆ. ತಾಯಿಯ ಮಾತನ್ನು ಡಾಕ್ಟರು ನಂಬದಿರುವುದು ಇಂಥಲ್ಲೇ.

ಈ ಎರಡೂ ದೋಷಗಳಲ್ಲಿ ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ (ದೋಷದ ಜೀನಿನ ಒಂದು ಪ್ರತಿ ಹೊತ್ತಿದ್ದರೆ) ಪ್ರತಿ ಬಸಿರಿನಲ್ಲೂ ಮಗುವಿಗೆ ದೋಷ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಅವರ ಕಿವಿ ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಅನುಮಾನವೂ ಬರುವುದಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆಯ ಮಗುವಿಗೆ, ಕುಟುಂಬದಲ್ಲಿ ಕಿವುಡು ಇದ್ದಲ್ಲಿ, ಓಎಇ ಪಾಸಾದರೂ ಎಬಿಆರ್ (ಶಬ್ದಕ್ಕೆ ಶ್ರವಣನರ ಮತ್ತು ಮೆದುಳುಕಾಂಡ ಕೊಡುವ ವಿದ್ಯುತ್ ಉತ್ತರದ ಪರೀಕ್ಷೆ) ಮಾಡಿಸಿ. ಇದರಲ್ಲಿ ಕ್ಲಿಕ್ ಶಬ್ದವನ್ನು ಎರಡೂ ಧ್ರುವೀಯತೆಗಳಲ್ಲಿ (ಒಮ್ಮೆ ಕಿವಿತಮಟೆಯನ್ನು ಒತ್ತುವ, ಒಮ್ಮೆ ಎಳೆಯುವ ಅಲೆಯಾಗಿ) ಬೇರೆ ಬೇರೆಯಾಗಿ ಕೊಡಬೇಕು. ಒಟ್ಟಿಗೆ ಸೇರಿಸಿದರೆ, ಧ್ರುವೀಯತೆಯೊಂದಿಗೆ ತಲೆಕೆಳಗಾಗುವ ಕೂದಲಕೋಶದ ಅಲೆಗಳು ಒಂದನ್ನೊಂದು ಅಳಿಸಿ, ಕೂದಲಕೋಶ ಜೀವಂತವಿದೆ ಎಂಬ ಸುಳಿವೇ ಕಳೆದುಹೋಗುತ್ತದೆ. ಯಂತ್ರದಿಂದ ಕಿವಿಗೆ ಶಬ್ದ ಒಯ್ಯುವ ಕೊಳವೆಯನ್ನು ಹಿಸುಕಿ ಮತ್ತೊಮ್ಮೆ ನೋಡಬೇಕು. ಆಗಲೂ ಅಲೆ ಉಳಿದರೆ ಅದು ಯಂತ್ರದ್ದೇ ವಿದ್ಯುತ್ತು.

ದೊಡ್ಡವರ ವಿಷಯಕ್ಕೆ ಬಂದರೆ, ಬೀಪ್ ಕೇಳಿಸಿದಾಗ ಗುಂಡಿ ಒತ್ತಿಸುವ ಪರೀಕ್ಷೆಯೊಂದೇ ಸಾಲದು. ನರಕ್ಕೆ ಸಂಕೇತ ತಾಳ ತಪ್ಪಿ ತಲುಪಿದರೆ ದನಿ ಕೇಳಿಸುತ್ತದೆ, 'ಬಟ್ಟೆ'ಯೋ 'ಪಟ್ಟೆ'ಯೋ ತಿಳಿಯದು. ಎತ್ತರದ ಆವರ್ತನದ, ಅಂದರೆ ಕೀಚಲು ಶಬ್ದಗಳು ಮಾತ್ರ ಸರಿಯಾಗಿ ಕೇಳಿಸದವರಿಗೆ ಸಾಲು, ಪಾಲು, ಕಾಲು ಎಲ್ಲವೂ ಒಂದೇ. ಬೇಕಿರುವುದು ಪದ ಕೇಳಿಸಿ ಮರಳಿ ಹೇಳಿಸುವ ಪರೀಕ್ಷೆ: 25 ಪದಗಳ ಪಟ್ಟಿ, ಸರಿ ಹೇಳಿದ ಪದಕ್ಕೆ ಶೇ. 4 ಅಂಕ; ಮೊದಲು ನಿಶ್ಶಬ್ದದಲ್ಲಿ, ಆಮೇಲೆ ಬೇರೊಂದು ಪಟ್ಟಿಯನ್ನು ಮಾತಿನಷ್ಟೇ ಜೋರಾದ ಗದ್ದಲದಲ್ಲಿ. ಕನ್ನಡದ ಪದಪಟ್ಟಿಗಳು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸಿದ್ಧವಿವೆ. ಹೊಸದಾಗಿ ಸಮಿತಿ ಬೇಡ.

ಪದ ಪರೀಕ್ಷೆ ಎಡವುವುದು ಸಣ್ಣ ವಿಷಯಗಳಲ್ಲಿ. ಪರೀಕ್ಷಿಸುವವರ ತುಟಿ ಕಂಡರೆ ಅಂಕ ಸುಳ್ಳಾಗಿ ಏರುತ್ತದೆ. ಎದುರು ಕೂತು ಓದುವ ದನಿ ದಿನಕ್ಕೊಂದು ಥರ, ಆದ್ದರಿಂದ ಧ್ವನಿಮುದ್ರಣವೇ ಆಗಬೇಕು. ಫ್ಯಾನ್ ತಿರುಗುವ ಕೋಣೆಯಲ್ಲಿ ನಿಶ್ಶಬ್ದದ ಅಂಕಕ್ಕೆ ಅರ್ಥವಿಲ್ಲ.

ಓಟಿಓಎಫ್ ಮಕ್ಕಳ ನರ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ ಕೂರಿಸುವ ವಿದ್ಯುತ್ ಸಾಧನ) ಕೆಟ್ಟ ಜಾಗವನ್ನು ದಾಟಿ ನೇರ ನರವನ್ನೇ ಮುಟ್ಟುವುದರಿಂದ ಮಾತು ಚೆನ್ನಾಗಿ ಬರುತ್ತದೆ, ಬೇಗ ಹಾಕಿದರೆ. ಹಾಗಾಗಿ ಎಬಿಆರ್ ಕುರಿತ ಸುತ್ತೋಲೆ ಮೊದಲು ಹೊರಡಲಿ, ಪದಪಟ್ಟಿಯದು ಅದರ ಹಿಂದೆಯೇ ಬರಲಿ.

ಇಂತಿ,
ವಾಕ್ ಮತ್ತು ಶ್ರವಣ ಕ್ಷೇತ್ರದ ಕೆಲವರು